ಹಾರ್ನ್ ಒಂದು ಬಾಕಿ

ಜನವರಿ 6, ಸೋಮವಾರ

ಡೇರಿಗೆ ಹಾಲು ಹಾಕಿ ಬಂದವನೇ ಕಾರಿನ ಬಂಪರ್ ಬಿಚ್ಚಿದೆ. ಬಿಚ್ಚಿದೆ ಅನ್ನೋದೇ ಸುಳ್ಳು — ಮುಟ್ಟಿದೆ, ಬಿತ್ತು.

ಒಳಗೆ ನೋಡಿದರೆ ಅಯ್ಯೋ ಅನಿಸಿತು. ಗ್ರಿಲ್ ಪುಡಿಪುಡಿ. ಬಲಗಡೆ ಹೆಡ್‌ಲೈಟ್ ಇಲ್ಲವೇ ಇಲ್ಲ. ರೇಡಿಯೇಟರ್ ಹಿಂದಕ್ಕೆ ಹೋಗಿ ಫ್ಯಾನಿಗೆ ತಾಗಿದೆ. ಅದನ್ನು ಹಿಡಿದಿರುವ ಅಡ್ಡಪಟ್ಟಿ ಬಿಲ್ಲಿನ ಹಾಗೆ ಬಾಗಿದೆ. ಬಾನೆಟ್ ಮಧ್ಯಕ್ಕೆ ಮಡಚಿಕೊಂಡಿದೆ. ಹಾರ್ನ್ ಎಲ್ಲಿ ಹೋಯಿತೋ ದೇವರೇ ಬಲ್ಲ. ಇಪ್ಪತ್ತು ವರ್ಷದ ಮಾರುತಿ 800. ಗ್ಯಾರೇಜಿನವರು ನೋಡಿದರೆ ಕೈ ಮುಗಿದು ಕಳಿಸುತ್ತಾರೆ. ಮನೆಯಲ್ಲೇ ಮಾಡುತ್ತೇನೆ.

ಆಗಿದ್ದು ಶುಕ್ರವಾರ. ಗಂಗಾ ಶ್ರೀನಿವಾಸಪುರಕ್ಕೆ ಹೊರಟಿದ್ದಳು, ತವರಿಗೆ. ಊರಾಚೆ ತಿರುವಿನಲ್ಲಿ ದೊಡ್ಡವೆಂಕಟಪ್ಪ ರಸ್ತೆ ತುಂಬಾ ಹುರುಳಿ ಗಿಡ ಹಾಸಿದ್ದ — ಬಸ್ಸು ಲಾರಿ ತುಳಿದು ಕಾಳು ಬಿಡಿಸಲಿ ಅಂತ. ಎಲ್ಲರೂ ಹಾಸುತ್ತಾರೆ, ನಾವೂ ಹಾಸಿದ್ದೇವೆ. ಇವಳು ಅದರ ಮೇಲೆ ಗಾಬರಿಯಾಗಿ ಬ್ರೇಕ್ ಒತ್ತಿದಳು. ಕಾಳಿನ ಮೇಲೆ ಚಕ್ರ ನಿಲ್ಲುತ್ತದಾ? ಜಾರಿ ನೇರ ಹುಣಸೆಮರಕ್ಕೆ.

ಹಣೆ ಮೇಲೆ ಒಂದು ಬುಗುಟು, ಅಷ್ಟೆ. ಮುನೇಶ್ವರ ಕಾಪಾಡಿದ. ಆದರೆ ಕೀ ತಂದು ದೇವರ ಗೂಡಿನಲ್ಲಿಟ್ಟು ಹೇಳಿಬಿಟ್ಟಳು: "ಇನ್ನು ಈ ಜಲ್ಮದಲ್ಲಿ ಸ್ಟೇರಿಂಗ್ ಮುಟ್ಟಲ್ಲ ಕಣ್ರೀ. ಗುಜರಿಗೆ ಹಾಕ್ಬಿಡಿ."

ಗುಜರಿಗಂತೆ!

ಜನವರಿ 8, ಬುಧವಾರ, ಸಂಜೆ

ಚಾಕಿ ಹುಳು ಬಂತು, ರೇಷ್ಮೆಯ ಮರಿಹುಳು. ತಟ್ಟೆಗಳಿಗೆ ಬಿಟ್ಟೆವು. ಇನ್ನು ರೇಷ್ಮೆ ಗೂಡು ಕಟ್ಟುವ ತನಕ ಗಂಗಾ ಅಲ್ಲಾಡುವ ಹಾಗಿಲ್ಲ. ಬೆಳಿಗ್ಗೆ ಸೊಪ್ಪು, ಮಧ್ಯಾಹ್ನ ಸೊಪ್ಪು, ಸಂಜೆ ಸೊಪ್ಪು.

ಅವಳ ತಾಯಿ ಬೈರಮ್ಮನವರಿಗೆ ಲಕ್ವ ಹೊಡೆದು ವರ್ಷವಾಯಿತು. ಮಗಳು ಎದುರಿಗೆ ಕೂತು ತಿನ್ನಿಸಿದರೆ ಮಾತ್ರ ನಾಲ್ಕು ತುತ್ತು ಜಾಸ್ತಿ. ಕಾರಿದ್ದಾಗ ಬೆಳಗಿನ ಸೊಪ್ಪು ಹಾಕಿ ಹೋಗಿ, ಮಧ್ಯಾಹ್ನದ ಸೊಪ್ಪಿಗೆ ವಾಪಸ್ ಬಂದುಬಿಡೋಳು. ಬಸ್ಸಾದರೆ ಕೋಲಾರಕ್ಕೆ ಹೋಗಿ, ಅಲ್ಲಿ ಕಾದು, ಇನ್ನೊಂದು ಹಿಡಿದು… ಹೋಗಿ ಸೇರುವುದಕ್ಕೇ ಮಧ್ಯಾಹ್ನ.

ನಾನು ಓಡಿಸುವ ಹಾಗಿಲ್ಲ. ಅರ್ಧ ಆಯಸ್ಸು ಸ್ಕೂಲ್ ವ್ಯಾನ್ ಓಡಿಸಿದವನು ನಾನು! ಕಣ್ಣಿನ ನರ ಒಣಗುತ್ತಿದೆ ಅಂದರು ಡಾಕ್ಟರು. ಎದುರಿಗಿರೋದು ಚೆನ್ನಾಗಿ ಕಾಣುತ್ತೆ — ನಟ್ಟು, ಬೋಲ್ಟು, ಗಂಗಾಳ ಮುಖದ ಮೇಲಿನ ಸಿಟ್ಟು. ಪಕ್ಕದಿಂದ ಬರೋದು ಕಾಣಲ್ಲ. ಅದಕ್ಕೇ ಅವಳಿಗೆ ಕಲಿಸಿದ್ದು. ನಲವತ್ತಾರನೇ ವಯಸ್ಸಿಗೆ ಲೈಸೆನ್ಸ್. ನಮ್ಮ ಸುಗಟೂರೆಲ್ಲಾ ನಕ್ಕಿತು. ನಕ್ಕವರನ್ನೇ ಹಿಂದೆ ಕೂರಿಸಿಕೊಂಡು ಕೋಲಾರಕ್ಕೆ ಬಿಟ್ಟು ಬಂದಳು.

"ಹುಳ ನಾನು ನೋಡ್ಕೊಂತೀನಿ, ಬಸ್ಸಲ್ಲಿ ಹೋಗ್ಬಾ ಕಣೇ" ಅಂದೆ.

"ಹೋದ ಬೆಳೇಲಿ ನೋಡ್ಕೊಂಡ್ರಲ್ಲ… ನಡೂಮಧ್ಯ ಸೊಪ್ಪು ಸುರಿದು, ಅಂಚಿನ ಹುಳನೆಲ್ಲ ಉಪವಾಸ ಕೆಡವಿದ್ರಿ."

ಅದೂ ನಿಜವೇ. ಅಂಚು ನನಗೆ ಕಾಣಲ್ಲ.

ಜನವರಿ 11, ಶನಿವಾರ

ಇವತ್ತು ಪಟ್ಟಿ ಎಳೆದೆ. ರೇಡಿಯೇಟರ್ ಬಿಚ್ಚಿಟ್ಟು, ಬಾಗಿದ ಪಟ್ಟಿಗೆ ಸರಪಳಿ ಬಿಗಿದು, ಇನ್ನೊಂದು ತುದಿ ಬೇವಿನಮರಕ್ಕೆ. ಕಾರನ್ನು ರಿವರ್ಸ್‌ನಲ್ಲಿ ಮೆಲ್ಲಗೆ ಎಳೆದರೆ ಪಟ್ಟಿ ನೆಟ್ಟಗಾಗಬೇಕು. ಒಬ್ಬರು ಒಳಗೆ ಕೂರಬೇಕು, ಒಬ್ಬರು ಎದುರಿಗೆ ನಿಂತು ನೋಡಬೇಕು.

"ಎರಡು ಮೊಳ ರಿವರ್ಸ್ ಅಷ್ಟೆ ಗಂಗಾ. ಬಂದು ಕೂತ್ಕೋ."

ಕೇಳಿಸಲಿಲ್ಲ ಅನ್ನುವ ಹಾಗೆ ಮಂಕರಿ ಎತ್ತಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದಳು.

ಅಷ್ಟರಲ್ಲಿ ದೊಡ್ಡವೆಂಕಟಪ್ಪನೇ ಬಂದ. ಒಂದು ಸೇರು ಹುರುಳಿ ತಂದಿದ್ದ. "ನನ್ನಿಂದ ಆಯ್ತಲ್ಲ ಸುಬ್ರಮಣೀ" ಅಂದ. ಲೇ, ಹುರುಳಿಯಿಂದ ಆಗಿದ್ದಕ್ಕೆ ಹುರುಳಿಯೇ ತರ್ತೀಯಲ್ಲೋ ಅಂತ ಬೈದು, ಎದುರಿಗೆ ನಿಲ್ಲಿಸಿದೆ. ನಾನು ಕೂತೆ. ಅವನೋ, ಕಾರನ್ನು ಎತ್ತು ಅಂದುಕೊಂಡಿದ್ದಾನೆ. "ಹಾ… ಹಾ… ಎಳೀ ನನ್ನಪ್ಪಾ… ಹೋ! ಹೋ!" ಮೂರು ಎಳೆತಕ್ಕೆ ಪಟ್ಟಿ ಹೆಚ್ಚೂಕಡಿಮೆ ನೆಟ್ಟಗಾಯಿತು.

ತೋಟದ ಅಂಚಿನಲ್ಲಿ ಗಂಗಾ ನಿಂತು ನೋಡುತ್ತಿದ್ದಳಂತೆ. ಅವನೇ ಹೇಳಿದ. ನನಗೆಲ್ಲಿ ಕಾಣಬೇಕು.

ಜನವರಿ 14, ಸಂಕ್ರಾಂತಿ

ಎಳ್ಳು-ಬೆಲ್ಲ. ಹಿತಕಿದ ಅವರೆಬೇಳೆ ಸಾರು.

ಅತ್ತೆಯ ಫೋನ್ ಬಂತು, ಭಾಮೈದ ಕಿವಿಗೆ ಹಿಡಿದಿದ್ದ. ಅವರಿಗೆ ಪ್ರೀತಿ ಬಂದರೆ ತೆಲುಗು. ಸೊಟ್ಟಬಾಯಲ್ಲೇ ಕೇಳಿದರು: "ಕಾರು ಬಾಗೈಂದಾ ಅಲ್ಲುಡಾ?" ಕಾರು ಸರಿಹೋಯಿತಾ ಅಳಿಯಾ ಅಂತ. ಮಗಳು ಯಾವಾಗ ಬರುತ್ತಾಳೆ ಅಂತ ಕೇಳೋದಕ್ಕೆ ಸಂಕೋಚ, ಕಾರನ್ನು ಕೇಳುತ್ತಾರೆ. ಆಗ್ತಾ ಇದೆ ಅತ್ತೆ, ಆಗ್ತಾ ಇದೆ ಅಂದೆ.

ಗಂಗಾ ಬೇಳೆ ಹಿತಕುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ. ಕಣ್ಣೀರು ಬಟ್ಟಲೊಳಗೇ ಬೀಳುತ್ತಿತ್ತು.

ಕಾರು ನೆಟ್ಟಗಾಗುತ್ತೆ. ಇವಳ ಭಯಕ್ಕೆ ಯಾವ ಮರಕ್ಕೆ ಸರಪಳಿ ಕಟ್ಟಲಿ?

ಜನವರಿ 17, ಶುಕ್ರವಾರ

ಕೋಲಾರದ ಗುಜರಿಯಿಂದ ಬಾನೆಟ್ ತಂದೆ. ಹೆಡ್‌ಲೈಟೂ ಸಿಕ್ಕಿತು. ಬಾನೆಟ್ ಕೆಂಪು, ನಮ್ಮ ಕಾರು ಬಿಳಿ. "ಒಳ್ಳೆ ಕುಂಕುಮ ಬಳ್ಕೊಂಡಂಗಿದೆ" ಅಂದಳು. ಕಾರು ಗುದ್ದಿದ ಮೇಲೆ ಮೊದಲ ನಗು.

ರೇಡಿಯೇಟರ್ ಬೆಸುಗೆ ಹಾಕಿಸಿ ಕೂರಿಸಿದೆ. ನೀರು ಸೋರಲಿಲ್ಲ. ಬಾನೆಟ್ ಲಾಕ್ ಕೂರುತ್ತಿಲ್ಲ, ಒಂದು ಬೆರಳಷ್ಟು ಎಡಕ್ಕೆ. ಬಡಿದೆ, ಬೈದೆ, ಮತ್ತೆ ಬಡಿದೆ. ಕೂತಿತು.

ಬಿಳಿ ಪೇಂಟ್, ಥಿನ್ನರ್ ತಂದಿದ್ದೇನೆ. ಗಂಗಾ ಡಬ್ಬ ನೋಡಿದವಳೇ, "ಹುಳ ಹಣ್ಣಾಗಿ ಗೂಡು ಕಟ್ಟೋ ತಂಕ ಅದ್ರ ಮುಚ್ಚಳ ತೆಗೆದ್ರೆ ನೋಡಿ ಮತ್ತೆ" ಅಂದಳು. ಹುಳುಮನೆ ಕಡೆ ಊದುಬತ್ತಿಯನ್ನೂ ಹಚ್ಚಗೊಡಲ್ಲ ಅವಳು. ವಾಸನೆ ಅಂದರೆ ಹುಳುವಿಗೆ ವಿಷ.

ಜನವರಿ 21, ಮಂಗಳವಾರ

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಭಾಮೈದ ಫೋನ್ ಮಾಡಿದ. ಅತ್ತೆ ಎರಡು ದಿನದಿಂದ ಗಂಜಿ ಕೂಡ ನುಂಗುತ್ತಿಲ್ಲವಂತೆ. ಮುಖ ತಿರುಗಿಸಿಕೊಂಡು ಮಲಗಿದ್ದಾರಂತೆ. ಗಂಗಾ ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಒಂದೇ ಸಮ ಮೇಯುವ ಹೊತ್ತು ಬೇರೆ.

ನನಗೆ ತಡೆಯಲಾಗಲಿಲ್ಲ. ಬೇಗ ಮುಗಿಸಬೇಕು, ಬೇಗ… ಗಾಳಿ ನೋಡಿದೆ, ಕೆರೆ ಕಡೆಗೆ ಬೀಸುತ್ತಿತ್ತು. ಏನಾಗಲ್ಲ ಅಂತ ಡಬ್ಬ ತೆಗೆದೇಬಿಟ್ಟೆ. ಬಾನೆಟ್ಟಿನ ಅರ್ಧಕ್ಕೆ ಬಳಿದೆ. ಅಷ್ಟರಲ್ಲಿ ಗಾಳಿ ತಿರುಗಿತು. ನೇರ ಹುಳುಮನೆಗೆ.

ಒಳಗಿನಿಂದ ಕೂಗು: "ಅಯ್ಯೋ ನಿಮ್ಮ! ಹುಳ ಎಲ್ಲ ತಲೆ ಎತ್ತಿ ಆಡಿಸ್ತಾ ಇವೆ ಕಣ್ರೀ! ಏನ್ ಮಾಡಿದ್ರೀ!"

ಡಬ್ಬ ಮುಚ್ಚಿದೆ. ಏನು ಬಂತು? ಬಳಿದದ್ದು ಬಾನೆಟ್ ಮೇಲೆ ಹಸಿಹಸಿ ಕೂತಿದೆ, ಅಲ್ಲೇ ನಾತ. ಗೋಣಿತಾಟು ನೆನೆಸಿ ಕಿಟಕಿಗೆ ಇಳಿಬಿಡೋಣ ಅಂತ ಓಡಿದೆ. ಒಂದು ಕಿಟಕಿ ಆಯಿತು, ಎರಡನೇದಕ್ಕೆ ಕೈ ಹಾಕಿದ್ದೇನೆ — ಸ್ಟಾರ್ಟ್ ಆದ ಸದ್ದು.

ತಿರುಗಿ ನೋಡಿದರೆ ಕಾರು ಹೊರಟಿದೆ. ಕೀ ಅದರಲ್ಲೇ ಬಿಟ್ಟಿದ್ದೆ. ಅರ್ಧ ಕೆಂಪು, ಅರ್ಧ ಬಿಳಿ. ಬಣವೆ ಸುತ್ತಿ, ಬೇವಿನಮರ ತಪ್ಪಿಸಿ, ಗೇಟಿನಿಂದ ಆಚೆ. ಕೆರೆ ಏರಿ ಕಡೆ ಧೂಳೆದ್ದಿತು.

ತಾಟೆಲ್ಲ ಇಳಿಬಿಟ್ಟು, ಹುಳು ನೋಡಿ, ಓಡಿದೆ. ಏರಿ ಮೇಲೆ ನಿಲ್ಲಿಸಿದ್ದಳು. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿದೆ, ಗೇರಿನಲ್ಲಿಟ್ಟಿದ್ದಾಳೆ. ನಾನು ಹೇಳಿಕೊಟ್ಟಿದ್ದು ಒಂದೂ ಮರೆತಿಲ್ಲ. ಸ್ಟೇರಿಂಗ್ ಹಿಡಿದ ಕೈ ಮಾತ್ರ ಬಿಟ್ಟಿರಲಿಲ್ಲ.

"ಹುಳ?" ಅಂದಳು.

"ಸೊಪ್ಪಿಗೆ ಬಾಯಿ ಹಾಕಿವೆ. ಏನೂ ಆಗಿಲ್ಲ."

ಆಮೇಲೆ ಸುತ್ತ ನೋಡಿ, ಎಲ್ಲಿ ಕೂತಿದ್ದೇನೆ ಅಂತ ಈಗ ಗೊತ್ತಾದವಳ ಹಾಗೆ, "ರೀ… ನಾನೇ ಓಡಿಸ್ಕೊಂಡ್ ಬಂದ್ನಾ?" ಅಂದಳು. ಅತ್ತಳು. ಅಳುತ್ತಲೇ ನನ್ನ ವಂಶವನ್ನೆಲ್ಲ ಜಾಲಾಡಿದಳು. ಬೈಯಿ ಕಣೇ, ಬೈಯಿ ಅಂತ ಡೋರ್ ಹಿಡಿದು ನಿಂತೆ. ನನಗೂ ಅಳು ಬಂದಿತ್ತು.

ಇಬ್ಬರೂ ನಡೆದುಕೊಂಡೇ ಮನೆಗೆ ಬಂದೆವು. ಕಾರು ಅಲ್ಲೇ ಇರಲಿ.

ಜನವರಿ 23, ಗುರುವಾರ

ಪೇಂಟ್ ಏರಿ ಮೇಲೆಯೇ ಮುಗಿಸಿದೆ. ಹತ್ತಿರ ಹೋದರೆ ಬಣ್ಣದಲ್ಲಿ ಬ್ರಷ್ಷಿನ ಗೆರೆ ಕಾಣುತ್ತೆ. ಹತ್ತಿರ ಹೋಗುವವರಿಗೇನು ಕೆಲಸ. ವಾಸನೆ ಹೋದ ಮೇಲೆ ಸಂಜೆ ದೊಡ್ಡವೆಂಕಟಪ್ಪನೂ ನಾನೂ ಅಂಗಳಕ್ಕೆ ತಳ್ಳಿಕೊಂಡು ಬಂದೆವು. ಕೀ ಮತ್ತೆ ದೇವರ ಗೂಡಿನಲ್ಲಿಟ್ಟೆ. ಅವಳನ್ನು ಕರೆಯಲಿಲ್ಲ. ಕೇಳಿದರೆ ಇಲ್ಲ ಅಂದುಬಿಡುತ್ತಾಳೆ.

ಹಾರ್ನ್ ಒಂದು ಬಾಕಿ.

ಜನವರಿ 24, ಶುಕ್ರವಾರ, ಬೆಳಿಗ್ಗೆ

ಕತ್ತಲಿರುವಾಗಲೇ ಎದ್ದು ಹಾರ್ನ್ ಕೂರಿಸಿದೆ. ಹೊಡೆದು ನೋಡಲಿಲ್ಲ, ಹುಳು ಬೆಚ್ಚುತ್ತವೆ ಅಂತ ಬೈಸಿಕೊಳ್ಳುವುದು ಯಾಕೆ.

ದೊಡ್ಡವೆಂಕಟಪ್ಪ ತಿರುವಿನಲ್ಲಿ ಪೊರಕೆ ಹಿಡಿದು ನಿಂತಿದ್ದಾನಂತೆ, ಹಾಲಿನವರು ಹೇಳಿದರು. ಹುರುಳಿ ಎಲ್ಲ ಒಂದು ಪಕ್ಕಕ್ಕೆ ಗುಡಿಸುತ್ತಿದ್ದಾನಂತೆ. ಯಾಕೋ ಅಂದರೆ "ಕಾರು ಬತ್ತದೆ" ಅಂದನಂತೆ. ಯಾರು ಹೇಳಿದರು ಇವನಿಗೆ? ನಾನಂತೂ ಹೇಳಿಲ್ಲ.

ಬೆಳಗಿನ ಸೊಪ್ಪು ಆಯಿತು. ಗಂಗಾ ಸ್ನಾನ ಮಾಡಿ, ಡಬ್ಬಿಗೆ ಮೆತ್ತಗೆ ಮುದ್ದೆ, ಅವರೆಬೇಳೆ ಸಾರು ತುಂಬಿದಳು. ಬಸ್ಸಿಗೆ ಹೋಗುತ್ತಾಳೇನೋ ಅಂದುಕೊಂಡೆ.

ದೀಪ ಹಚ್ಚಲು ಹೋದರೆ ದೇವರ ಗೂಡಿನಲ್ಲಿ ಕೀ ಇಲ್ಲ. ನಾನು ತೆಗೆದಿಲ್ಲ

ಹಾರ್ನ್! ಸ್ವಲ್ಪ ಗೊಗ್ಗರು. ಇರಲಿ, ಕೆಲಸ ಮಾಡುತ್ತೆ.

"ಏನ್ರೀ, ಬರ್ತೀರೋ ಬಿಟ್ಟೋಗ್ಲೋ? ಮಧ್ಯಾಹ್ನದ ಸೊಪ್ಪಿಗೆ ವಾಪಸ್ ಬರ್ಬೇಕು!"

ದಾರಿಯಲ್ಲಿ ಬಾಯಿ ಬಿಡಬಾರದು. ಬ್ರೇಕ್ ಅಂತ ಒಂದು ಸಲ ಅಂದರೂ ಹೋಳೂರಲ್ಲೇ ಇಳಿಸಿಬಿಡುತ್ತಾಳೆ. ಪಕ್ಕದ ಸೀಟಿನಲ್ಲಿ ಕೂರೋದನ್ನು ನಾನು ಇನ್ನೂ

ಮತ್ತೆ ಹಾರ್ನ್. ಬಂದೆ ಕಣೇ, ಬಂ—