ಟ್ರ್ಯಾಕ್ಟರಿನಲ್ಲಿ ನಕ್ಕ ಶಂಕ್ರೆವ್ವ

ಬೀಳಗಿ
೧೪ ಮೇ ೨೦೦೬

ಪ್ರೀತಿಯ ಅವ್ವನಿಗೆ ನಿನ್ನ ವೈಶಾಲಿಯ ನಮಸ್ಕಾರ.

ನಾನು ಆರಾಮ ಇದ್ದೇನೆ. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ನೀನೇ ಕೂತು ಓದು, ತಮ್ಮನ ಕೈಗೆ ಕೊಡಬೇಡ.

ರಜೆಗೆ ಹುನ್ನೂರಿಗೆ ಯಾಕೆ ಬರಲಿಲ್ಲ ಎಂದು ನೀನು ಕೇಳಿದ್ದೆ. ಇಲ್ಲಿ ಪುನರ್ವಸತಿ ಕೇಂದ್ರವಿದೆ, ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯವರಿಗೆ ಕಟ್ಟಿಕೊಟ್ಟ ಹೊಸ ಊರು. ಅಲ್ಲಿಯ ಒಂಬತ್ತು ಮಕ್ಕಳಿಗೆ ಒಂದು ತಿಂಗಳು ಚಿತ್ರ ಕಲಿಸಿದೆ. ಎಲ್ಲರೂ ಹೈಸ್ಕೂಲಿನವರು. ಪ್ರತಿಯೊಬ್ಬರೂ ತಮ್ಮ ಕಥೆಯನ್ನು ತಾವೇ ಬರೆದು, ಚಿತ್ರ ಬಿಡಿಸಿ, ಹಾಳೆ ಹೊಲಿದು ಒಂದು ಪುಸ್ತಕ ಮಾಡಬೇಕಿತ್ತು. ಒಬ್ಬನಂತೂ ತನ್ನ ಎಮ್ಮೆಯ ಮೇಲೆಯೇ ಹನ್ನೆರಡು ಪುಟ ಬರೆದ!

ಗದ್ದಲವಾದದ್ದು ಸಂಧ್ಯಾ ಎಂಬ ಹುಡುಗಿಯ ಪುಸ್ತಕದಿಂದ. ಊರು ಬಿಡುವಾಗ ಅವಳಿಗೆ ಒಂಬತ್ತು ವರ್ಷ. ಅವಳ ಅಜ್ಜಿ ಶಂಕ್ರೆವ್ವ ಇಲ್ಲಿ ದೊಡ್ಡ ಹೆಸರು. ಮನೆಯ ಕಂಬ ತಬ್ಬಿಕೊಂಡು ಅತ್ತವಳನ್ನು ನಾಲ್ಕು ಜನ ಎಳೆದು ಟ್ರ್ಯಾಕ್ಟರ್ ಹತ್ತಿಸಿದರು ಎಂದು ಊರವರು ಬಂದುಹೋದವರಿಗೆಲ್ಲ ಹೇಳುತ್ತಾರೆ. ಸಂಧ್ಯಾಳ ಚಿತ್ರದಲ್ಲಿ ಮಾತ್ರ ಅಜ್ಜಿ ಎಲ್ಲರಿಗಿಂತ ಮೊದಲೇ ಟ್ರ್ಯಾಕ್ಟರಿನಲ್ಲಿ ಕೂತಿದ್ದಾಳೆ. ತೊಡೆಯ ಮೇಲೆ ಕೆಂಪು ಕೋಳಿ, ಬಾಯಿ ತುಂಬ ನಗು.

ಅವ್ವಾ, ಆ ಪುಟ ಬದಲಿಸು ಎಂದು ಮೊದಲು ಹೇಳಿದವಳು ನಾನೇ. ಅಂಥ ದುಃಖದ ದಿನ ಯಾರಾದರೂ ನಗುತ್ತಾರೆಯೇ ಎಂದೆ. ಅವಳು ತಲೆ ತಗ್ಗಿಸಿ, "ನಾ ನೋಡೇನ್ರಿ ಟೀಚರ್. ಬಾಜೂಕ ಕುಂತಿದ್ದೆ" ಅಂದಳು. ನನಗೆ ನಾಚಿಕೆಯಾಯಿತು.

ಪುಸ್ತಕಗಳನ್ನು ಊರವರಿಗೆ ತೋರಿಸುವ ಹಿಂದಿನ ದಿನ ಹಿರಿಯರಾದ ಗಿರಿಮಲ್ಲಪ್ಪನವರು ಆ ಪುಟ ನೋಡಿದರು. ಕೆಟ್ಟ ಮನುಷ್ಯರಲ್ಲ. ಹೊಸ ಊರಿಗೆ ರಸ್ತೆ, ಗಟಾರ ಬೇಕೆಂದು ಆರು ವರ್ಷದಿಂದ ಕಚೇರಿ ಅಲೆಯುತ್ತಿರುವವರು. "ಇದನ್ನ ನೋಡಿದವ್ರು ಏನಂತಾರ್ರಿ? ಇವ್ರು ಖುಷೀಲೆ ಊರು ಬಿಟ್ಟು ಬಂದಾರ ಅಂತಾರ. ಆ ಹಾಳಿ ಹರೀರಿ" ಎಂದು ಸಿಟ್ಟಾದರು. ಸಂಧ್ಯಾ ಅಳುತ್ತ ಹರಿಯಲು ಕೈ ಹಾಕಿದಳು. ನಾನು ಪುಸ್ತಕ ಕಸಿದುಕೊಂಡು, ನಿನ್ನ ಅಜ್ಜಿಯನ್ನೇ ಕೇಳೋಣ ಎಂದೆ.

ಮರುದಿನ ಶಾಲೆಯ ವರಾಂಡದಲ್ಲಿ ಊರವರೆಲ್ಲ ಸೇರಿದ್ದರು. ಶಂಕ್ರೆವ್ವ ಪುಟವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಕೋಳಿ ಕೆಂಪಂದಲ್ಲ, ಕರೇದು" ಅಂದಳು. "ಉಳಿದದ್ದೆಲ್ಲಾ ಖರೆ ಐತಿ."

ಆಮೇಲೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು: "ನಲವತ್ತ ವರ್ಷ ಹೊಳಿಂದ ನೀರ ಹೊತ್ತೇನಿ. ಹೊಸಾ ಮನಿ ಮುಂದ ನಳಾ ಐತಿ ಅಂದ್ರು. ನಗು ಬಂತು, ನಕ್ಕೆ. ಗಾಡಿ ತಿರುಗಿದಾಗ ಬೀರಪ್ಪನ ಗುಡಿ ಕಂಡ್ತು, ಅತ್ತೆ. ಕಂಬಾ ಹಿಡದದ್ದೂ ಖರೆ, ಅದು ಹಿಂದಿನ ದಿನಾ. ನೀವು ಅತ್ತದ್ದಷ್ಟ ಕೇಳಿದ್ರಿ, ನಾ ಅದನ್ನಷ್ಟ ಹೇಳಿದೆ."

ಗಿರಿಮಲ್ಲಪ್ಪನವರು ಟೋಪಿ ಸರಿಮಾಡಿಕೊಂಡು ಸಂಧ್ಯಾಳ ಕಡೆ ತಿರುಗಿದರು. "ಹಂಗಾದ್ರ ಆ ನಳಕ್ಕ ಎರಡು ದಿನಕ್ಕೊಮ್ಮೆ ನೀರು ಬರತೈತಿ ಅನ್ನೋದನ್ನೂ ಬರಿ, ತಂಗಿ" ಅಂದರು. ಜನ ಬಿದ್ದು ಬಿದ್ದು ನಕ್ಕರು. ಸಂಧ್ಯಾ ಅಲ್ಲೇ ಕೂತು ಅದನ್ನು ಬರೆದಳು, ಕೋಳಿಗೆ ಕಪ್ಪು ಬಳಿದಳು. ಗುಡಿ ನೋಡಿ ಅತ್ತದ್ದಕ್ಕೆ ಇನ್ನೊಂದು ಪುಟ ಸೇರಿಸಿ ಹೊಲಿದಳು. ಶಂಕ್ರೆವ್ವ ಆ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಒಯ್ದಳು.

ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸುತ್ತೇನೆ. ಬಿಸಿಲಿನಲ್ಲಿ ಕುರಿಯ ಹಿಂದೆ ಹೋಗಬೇಡ.

ನಿನ್ನ ಮಗಳು
ವೈಶಾಲಿ

ತಾ.ಕ.: ಎರಡು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದ ದಿನ, ಬನಹಟ್ಟಿಯಿಂದ ಹುನ್ನೂರಿನವರೆಗೂ ಅಳುತ್ತಲೇ ಬಂದೆ ಎಂದು ನಿನಗೆ ಹೇಳಿದ್ದೆ. ನೀನು ಈಗಲೂ ಅದನ್ನು ನೆನೆದು ಕಣ್ಣೀರು ಹಾಕುತ್ತೀ. ಅತ್ತದ್ದು ಜಮಖಂಡಿಯವರೆಗೆ ಮಾತ್ರ, ಅವ್ವಾ. ಅಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎರಡು ಪ್ಲೇಟು ಗಿರಮಿಟ್ಟು ತಿಂದೆ. ಮುಂದಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಾಡು ಗುನುಗುತ್ತ ಬಂದೆ. ಬಾಗಿಲಲ್ಲಿ ನಿನ್ನ ಮುಖ ನೋಡಿದ ಮೇಲೆಯೇ ಮತ್ತೆ ಅಳು ಬಂದದ್ದು.