ತೂಬೆತ್ತಿದವರ ಹೆಸರು

ಕತ್ರಿಗುಪ್ಪೆ,
೧೮ ಜೂನ್ ೨೦೨೫, ಬುಧವಾರ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆ ಲತಾಮಣಿ ಮಾಡುವ ನಮಸ್ಕಾರ.

ಮಂಡಿನೋವು ಹೇಗಿದೆ? ಮದ್ದೂರಿಗೆ ಹೋಗಿದ್ದು ರೇಖಾಳ ಮಗಳ ಬಾಣಂತನಕ್ಕೆ, ಇಡೀ ಮನೆಯ ಬಟ್ಟೆ ಒಗೆಯುವುದಕ್ಕಲ್ಲ ಎಂಬುದು ನೆನಪಿರಲಿ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದರೆ ಸಾಕು, ಉಳಿದದ್ದನ್ನು ನಿಮ್ಮ ಮಗಳು ನೋಡಿಕೊಳ್ಳಲಿ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗ ಮಾತ್ರ ಸಾರಿಗೆ ಉಪ್ಪು ಕಮ್ಮಿ ಎಂದು ದಿನವೂ ನಿಮ್ಮನ್ನು ನೆನೆಯುತ್ತಾರೆ. ನಾನೂ ನೆನೆಯುತ್ತೇನೆ, ಉಪ್ಪಿಗಲ್ಲ.

ದಿನಾ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡಿ. ಮೊನ್ನೆ ನಿಮ್ಮ ಅತ್ತೆಯ ಹೆಸರು ಕೇಳಿದ್ದಕ್ಕೆ "ಅತ್ತೆ ಹೆಸ್ರು ಬಾಯಲ್ಲಿ ಆಡ್ತಾರೇನೇ, ನಾಲಿಗೆ ಬಿದ್ದೋಗ್ತದೆ" ಎಂದು ಫೋನ್ ಇಟ್ಟುಬಿಟ್ಟಿರಿ. ನಾನು ಹರಟೆಗೆ ಕೇಳಿದ್ದಲ್ಲ. ಪೂರ್ತಿ ವಿಷಯ ದಪ್ಪಕ್ಷರದಲ್ಲಿ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದಿ.

ಹಿಂದಿನ ರಸ್ತೆಯ ಕಾತ್ಯಾಯಿನಿ ಮೇಡಂ, ರಿಟೈರಾದ ಟೀಚರು, ನಮ್ಮ ವೃಷಭಾವತಿ ಕಣಿವೆಯಲ್ಲಿ ಮೊದಲು ನೆಲೆಸಿದ ಮನೆತನಗಳ ಬಗ್ಗೆ ಪುಸ್ತಕ ಮಾಡುತ್ತಿದ್ದಾರೆ. ಈಗಿನವರಿಗೆ ವೃಷಭಾವತಿ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಮೋರಿ. ಇಲ್ಲಿ ಕೆರೆಯಿತ್ತು, ಗದ್ದೆಯಿತ್ತು ಎಂದರೆ ನಮ್ಮ ಸಮನ್ವಿತಾ ಕೂಡ "ಸುಮ್ನಿರಮ್ಮ" ಅನ್ನುತ್ತಾಳೆ. ಮೇಡಂ ನನ್ನನ್ನು ಕರೆದು "ನಿಮ್ಮ ಮನೆಯವರು ಆಗ ಏನು ಕೆಲಸ ಮಾಡ್ತಿದ್ರಮ್ಮ?" ಎಂದು ಕೇಳಿದರು. ನಾನು ಜಂಬದಿಂದ "ನಮ್ದು ಗಂಟೆ ಮನೆ ಮೇಡಂ" ಎಂದೆ. ನೀವೆಲ್ಲ "ಗಂಟಿ ಮನೆ" ಅನ್ನುತ್ತೀರಲ್ಲ, ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷದಿಂದ ನಾನದನ್ನು ಗಂಟೆ ಎಂದೇ ತಿಳಿದಿದ್ದೆ. ಅವರು ಪಾಪ, ದೇವಸ್ಥಾನದ ಗಂಟೆ ಬಾರಿಸುತ್ತಿದ್ದ ಮನೆತನ ಎಂದು ಬರೆದುಕೊಂಡರು.

ಸಂಜೆ ನಿಮ್ಮ ಮಗ ಬಿದ್ದು ಬಿದ್ದು ನಕ್ಕರು. "ಲೇ, ನಮ್ಮೋರ್ನ ಗುಡಿ ಮೆಟ್ಲೇ ಹತ್ತಿಸ್ತಿರ್ಲಿಲ್ಲ, ಇನ್ನು ಗಂಟೆ ಎಲ್ಲಿಂದ ಬಾರಿಸ್ತಾರೆ? ಅದು ನೀರುಗಂಟಿ ಕಣೆ" ಎಂದರು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೂ ಮೋಸವಾಗದ ಹಾಗೆ ಸರದಿಯಲ್ಲಿ ನೀರು ಬಿಡುವವರಂತೆ. ನಾಚಿಕೆಯಿಂದ ಸಾಯುವಂತಾಯಿತು. ಯಾರದೋ ಚಪ್ಪಲಿ ಮೆಟ್ಟಿಕೊಂಡು ಮೇಡಂ ಮನೆಗೆ ಓಡಿದೆ.

ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ನೀರು ಹಂಚುವವರಿಲ್ಲದೆ ಈ ಕಣಿವೆಯಲ್ಲಿ ಯಾರು ಬಾಳುತ್ತಿದ್ದರು, ಮೊದಲ ಅಧ್ಯಾಯವೇ ನಿಮ್ಮದು ಎಂದರು. ಅತ್ತೆ, ನನಗೆ ಎಷ್ಟು ಖುಷಿಯಾಗಿದೆ ಗೊತ್ತಾ? ಅಪಾರ್ಟ್‌ಮೆಂಟಿನವರು "ನಿಮ್ದು ಯಾವೂರು ಆಂಟಿ?" ಎಂದು ಕೇಳಿದರೆ, ನಿಮಗಿಂತ ಮೊದಲಿನಿಂದ ಇಲ್ಲೇ ಎಂದು ಹೇಳಲು ಕಾಯುತ್ತಿದ್ದೇನೆ.

ಆದರೆ ಹಳೇ ದಾಖಲೆಯಲ್ಲಿ ಇರುವುದು "ನೀರುಗಂಟಿ ಚಲುವಯ್ಯ" ಎಂದಷ್ಟೇ. ಆ ಚಲುವಯ್ಯ ತಾತನಿಗೆ ಉಬ್ಬಸವಿತ್ತು, ಎದೆಮಟ್ಟ ನೀರಿಗಿಳಿದು ತೂಬು ಎತ್ತುತ್ತಿದ್ದುದು ಅಜ್ಜಿ, ಅಂದರೆ ನಿಮ್ಮ ಅತ್ತೆ, ಅವರ ನಂತರ ನೀವು ಎಂದು ನಿಮ್ಮ ಮಗ ಹೇಳುತ್ತಾರೆ. ಅಜ್ಜಿಯನ್ನು ಊರೆಲ್ಲ "ಗಂಟಿಯಮ್ಮ" ಎಂದೇ ಕರೆಯುತ್ತಿತ್ತಂತೆ. ಅವರ ಸ್ವಂತ ಹೆಸರು ಬಲ್ಲವರು ಈಗ ನೀವೊಬ್ಬರೇ. ಚಲುವಯ್ಯನ ಹೆಂಡತಿ ಎಂದು ಹಾಕೋಣವೇ ಎಂದರು ಮೇಡಂ. ನನಗೆ ಸಿಟ್ಟು ಬಂತು. ನೀರಿಗಿಳಿದವರು ಅವರು, ಹೆಸರು ಮಾತ್ರ ಗಂಡನದ್ದಾ? ಬೇಡ ಎಂದೆ.

ರೇಖಾಳಿಗೆ ನನ್ನ ನೆನಪು ತಿಳಿಸಿ. ಮಗುವಿಗೆ ಮರೆಯದೆ ದೃಷ್ಟಿ ತೆಗೆಯಿರಿ.

ನಿಮ್ಮ ಪಾದಕ್ಕೆರಗುವ, ಆದರೆ ಮಾತು ಕೇಳದ ಸೊಸೆ,
ಲತಾಮಣಿ

ತಾ.ಕ.: ಪುಸ್ತಕ ಮುಂದಿನ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ವಿಳಾಸ ಬರೆದ ಕಾರ್ಡು ಒಳಗಿಟ್ಟಿದ್ದೇನೆ. ಹೆಸರನ್ನು ಬಾಯಲ್ಲಿ ಆಡಬೇಡಿ, ಸಮನ್ವಿತಾ ಕಲಿಸಿದ ಅಕ್ಷರದಲ್ಲಿ ಬರೆದು ಕಳಿಸಿ, ಒತ್ತು ತಪ್ಪಿದರೂ ಪರವಾಗಿಲ್ಲ. ಕರಡು ಪ್ರತಿಯಲ್ಲಿ ಮೇಡಂ ಅಜ್ಜಿಯ ಸಾಲು ಖಾಲಿ ಬಿಟ್ಟಿದ್ದಾರೆ. ಅದರ ಕೆಳಗಿನ ಸಾಲಿನಲ್ಲಿ, ಕೊನೆಯ ಸಲ ತೂಬು ಎತ್ತಿದವರು ಎಂಬಲ್ಲಿ, ನಾನೇ ಪೆನ್ನು ಹಿಡಿದು ಬರೆದೆ: ಅಣ್ಣಮ್ಮ. ಅತ್ತೆಯ ಹೆಸರು ಬರೆಯಬಾರದು, ಗೊತ್ತು. ಆದರೂ ಅಳಿಸಲಿಲ್ಲ. ಬೈಯುವುದಿದ್ದರೆ ಅದೇ ಕಾರ್ಡಿನಲ್ಲಿ ಬೈಯಿರಿ, ಮೊದಲು ಹೆಸರು ಬರೆದು.