ತಾತನ ಹೆಸರಿಗೆ ಬಂದ ಮೂರು ಕಾಗದ

ಹದಿನಾಲ್ಕನೇ ತಾರೀಖು, ಮಂಗಳವಾರ
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕನಿಗೆ ನಿನ್ನ ಮುತ್ತುವಿನ ನಮಸ್ಕಾರ.

ಈ ಕಾಗದವನ್ನು ಅಮ್ಮನ ಎದುರಿಗೆ ಓದಬೇಡ. ಓದಲು ಶುರುಮಾಡಿಬಿಟ್ಟಿದ್ದರೆ ಇಲ್ಲಿಗೇ ನಿಲ್ಲಿಸಿ, ಕನ್ನಡಕ ಹುಡುಕುವ ನೆಪ ಮಾಡಿ ಒಳಗೆ ಹೋಗು. ಅಮ್ಮನಿಗೆ ಓದಿ ಹೇಳಲೆಂದೇ ಬೇರೆ ಒಂದು ಹಾಳೆ ಇಟ್ಟಿದ್ದೇನೆ, ನೀಲಿ ಶಾಯಿಯಲ್ಲಿ ಬರೆದದ್ದು. ಅದರಲ್ಲಿ ಎಷ್ಟಿದೆಯೋ ಅಷ್ಟೇ ಓದು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಅದರಿಂದಾಗಿ ಚಿಕ್ಕಂದಿನಲ್ಲಿ ನಾನು ತಿಂದ ಏಟುಗಳು ಇನ್ನೂ ನೆನಪಿವೆ. ಅದಕ್ಕೇ ಸುಳ್ಳನ್ನೆಲ್ಲ ನಾನೇ ಬರೆದಿದ್ದೇನೆ, ನೀನು ಓದಿದರೆ ಸಾಕು.

ಇದೆಲ್ಲ ಶುರುವಾದದ್ದು ಆ ಗೋಡೆಯಿಂದ. ಯುದ್ಧಕ್ಕೆ ಹೋಗಿ ಮನೆಗೆ ಬಾರದವರ ಹೆಸರು ಕೆತ್ತುವ ಗೋಡೆಗೆ ಅಕ್ಷರ ಬರೆದುಕೊಡುವ ಕೆಲಸ ನನಗೆ ಸಿಕ್ಕಿದೆ ಅಂತ ಹೋದ ಸಲ ಬರೆದಿದ್ದೆನಲ್ಲ. ನಾನು ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಕಲ್ಲಿನ ಕೆಲಸದವನು ಕಲ್ಲಿನ ಮೇಲೆ ಅಚ್ಚು ಇಳಿಸಿಕೊಂಡು ಕೆತ್ತುತ್ತಾನೆ. ಶಾಲೆಗಳ ಸರ್ಟಿಫಿಕೇಟಿನಲ್ಲಿ ಕಂಡವರ ಮಕ್ಕಳ ಹೆಸರು ಬರೆದೇ ನಲವತ್ತು ವರ್ಷ ಹೊಟ್ಟೆ ಹೊರೆದವಳಿಗೆ ಇದು ಸಣ್ಣ ಮಾತಲ್ಲ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಮ್ಮ ಹಿಡಿದಳು ನೋಡು ಪಟ್ಟು. ನನ್ನ ತಮ್ಮನ ಹೆಸರೂ ಅದರಲ್ಲಿ ಇರ್ಬೇಕು, ಕಣ್ಣಂತೂ ಕಾಣಲ್ಲ, ಸಾಯೋದ್ರೊಳಗೆ ಕೈಯಲ್ಲಾದ್ರೂ ಮುಟ್ಟಿ ನೋಡ್ತೀನಿ, ಅವನು ಹೇಗೆ ಹೋದ ಅಂತ ಯಾರಾದ್ರೂ ನನಗೆ ಹೇಳ್ಲೇಬೇಕು ಅಂತ. ಎಂಬತ್ತೆಂಟಾದರೂ ಹಟ ಹದಿನೆಂಟರದ್ದೇ.

ಕಲ್ಲಿನಲ್ಲಿ ಹೆಸರು ಬರಬೇಕಾದರೆ ತೀರಿಕೊಂಡ ತಾರೀಖು ಬೇಕು. ನಮ್ಮ ಸೋದರಮಾವನ ವಿಷಯದಲ್ಲಿ ನಮ್ಮ ಹತ್ತಿರ ಇದ್ದದ್ದು ಒಂದು ತಂತಿ, ಅದರಲ್ಲಿ ಒಂದು ಮಾತು: ಕಾಣೆಯಾಗಿದ್ದಾರೆ. ಆ ತಂತಿ ಹಿಡಿದುಕೊಂಡು ನಾನು ಸೈನಿಕರ ದಾಖಲೆ ಕಚೇರಿಗೆ ಐದು ಸಲ ಅಲೆದೆ. ನೆಲಮಾಳಿಗೆ, ತಗಡಿನ ಪೆಟ್ಟಿಗೆಗಳ ಸಾಲು, ಹಳೇ ಗೋಂದಿನ ವಾಸನೆ. ಪೆನ್ನು ಒಳಗೆ ಬಿಡುವುದಿಲ್ಲ, ಸೀಸದಕಡ್ಡಿ ಮಾತ್ರ. ಕಾಣೆಯಾದವರ ಪೆಟ್ಟಿಗೆಗಳಲ್ಲಿ ಅವನು ಸಿಗಲಿಲ್ಲ, ಸತ್ತವರ ಪೆಟ್ಟಿಗೆಗಳಲ್ಲೂ ಇಲ್ಲ. ನಾಲ್ಕನೇ ಸಲ ಹೋದಾಗ ಅಲ್ಲಿಯ ಗುಮಾಸ್ತ ಪಕ್ಕದವನಿಗೆ, ಈ ಅಜ್ಜಿ ಬಿಡೋ ಪೈಕಿ ಅಲ್ಲ ಮಾರಾಯ ಅಂದದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಅಜ್ಜಿಯಂತೆ! ಅವನ ತಲೆಯಲ್ಲೇ ಒಂದು ಕಪ್ಪು ಕೂದಲಿಲ್ಲ. ಆದರೆ ಪಾಪ, ಒಳ್ಳೆಯವನು. ಆಸ್ಪತ್ರೆಯ ಕಡತಗಳನ್ನೂ ಒಂದು ಸಲ ನೋಡೋಣ ಅಂದವನು ಅವನೇ. ನಿನ್ನೆ ಹೋದಾಗ ಕಡತ ತೆಗೆದಿಟ್ಟಿದ್ದ.

ಅಕ್ಕಾ, ಕೂತುಕೊಂಡು ಓದು.

ಮಾವ ಯುದ್ಧದಲ್ಲಿ ಸಾಯಲಿಲ್ಲ. ತಲೆಗೆ ಪೆಟ್ಟು ಬಿದ್ದು ಶತ್ರುಗಳ ಕೈಗೆ ಸಿಕ್ಕಿದ್ದ. ಮೂರು ವರ್ಷದ ಮೇಲೆ ಕೈದಿಗಳ ಅದಲುಬದಲಾದಾಗ ಈ ಕಡೆ ಬಂದ, ಮಾತಿಲ್ಲದೆ, ಗುರುತಿನ ಚೀಟಿಯೂ ಇಲ್ಲದೆ. ಸೈನಿಕರ ಮಾನಸಿಕ ಆಸ್ಪತ್ರೆಯಲ್ಲಿ ಅವನಿಗೊಂದು ನಂಬರು ಕೊಟ್ಟು ಇಟ್ಟುಕೊಂಡರು. ಎಂಟು ವರ್ಷ ಅವನು ಬರೀ ನಂಬರಾಗಿದ್ದ. ಆಮೇಲೆ ಒಂದು ಬೆಳಿಗ್ಗೆ, ಗಡ್ಡ ಹೆರೆಸಿಕೊಳ್ಳುತ್ತಿರುವಾಗ, ತನ್ನ ಹೆಸರು, ತಾತನ ಹೆಸರು, ನಾವೆಲ್ಲ ತಾತನ ಜೊತೆಗಿದ್ದ ಬೀದಿ, ಮನೆ ನಂಬರು ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಹೇಳಿದನಂತೆ. ಹತ್ತೊಂಬತ್ತಕ್ಕೆ ಮನೆ ಬಿಟ್ಟ ಹುಡುಗ, ಅವತ್ತಿಗೆ ಮೂವತ್ತು. ಅವನನ್ನು 'ಅವರು' ಎನ್ನಲು ನನಗೆ ನಾಲಿಗೆಯೇ ಹೊರಳುವುದಿಲ್ಲ.

ಆಸ್ಪತ್ರೆಯವರು ತಾತನಿಗೆ ಕಾಗದ ಹಾಕಿದರು. ಮಗನ ಮನಸ್ಸಿನಲ್ಲಿ ತಾತ ಬದುಕಿದ್ದರು. ಇಲ್ಲಿ ಅವರು ಹೋಗಿ ಐದು ವರ್ಷವಾಗಿತ್ತು. ನಮ್ಮಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು, ಅವರ ನಿಯಮ ನಿನಗೂ ಬಾಯಿಪಾಠವೇ. ಯಾರ ಹೆಸರಿದೆಯೋ ಅವರೇ ಒಡೀಬೇಕು, ಸತ್ತವರ ಕಾಗದ ಒಡೆಯೋದೂ ಕಳ್ಳತನವೇ, ಬಂದ ದಾರೀಲೇ ವಾಪಸ್ ಹೋಗ್ಲಿ. ತಾತನ ಹೆಸರಿಗೆ ಬರುತ್ತಿದ್ದ ಕಂದು ಲಕೋಟೆಗಳೆಲ್ಲ ಹಾಗೇ ಅಲ್ಲವೇ ಹೋದದ್ದು? ತೆರಿಗೆಯದ್ದೋ ಸಂಘದ್ದೋ ಅಂದುಕೊಂಡಿರಬೇಕು. ಮಾನಸಿಕ ಆಸ್ಪತ್ರೆ ಎಂದು ಕಂಡರೆ ಮನೆಯವರಿಗೆ ಮುಜುಗರವಾದೀತೆಂದು ಆಸ್ಪತ್ರೆಯವರು ಲಕೋಟೆಯ ಮೇಲೆ ತಮ್ಮ ಹೆಸರನ್ನೇ ಹಾಕುತ್ತಿರಲಿಲ್ಲವಂತೆ, ಬರೀ ಅಂಚೆ ಪೆಟ್ಟಿಗೆಯ ನಂಬರು. ಎಂಥ ಮರ್ಯಾದೆ ನೋಡು.

ಮೂರು ವರ್ಷದಲ್ಲಿ ಮೂರು ಕಾಗದ. ಮೂರೂ ಒಡೆಯದೆ ಹಿಂದಿರುಗಿ, ಕಡತದಲ್ಲಿ ಹೊಲಿದುಕೊಂಡು ಕೂತಿವೆ. ಮೇಲೆ ಯಾರೋ ಬರೆದಿದ್ದಾರೆ: "ವಿಳಾಸದಾರರು ಮೃತರಾಗಿದ್ದಾರೆ. ಹಿಂದಿರುಗಿಸಿ." ಗುಮಾಸ್ತ ನನ್ನ ಕೈಗೆ ಒಂದು ಮೊಂಡು ಚಾಕು ಕೊಟ್ಟು, ನೀವೇ ಒಡೀರಿ, ಇನ್ಯಾರಿಗೆ ಹಕ್ಕಿದೆ ಅಂದ. ಅರವತ್ತೈದು ವರ್ಷದ ಹೆಂಗಸು, ಅಪ್ಪ ಬೈದಾರು ಅಂತ ಹೆದರಿ ಕೂತಿದ್ದೆ ಅಂದರೆ ನಗುತ್ತೀಯೇನೋ.

ಮೊದಲನೆಯದು ಟೈಪು ಮಾಡಿದ್ದು: ನಿಮ್ಮ ಮಗ ಇಲ್ಲಿದ್ದಾರೆ, ಬಂದು ನೋಡಬಹುದು, ಭೇಟಿಗೆ ಭಾನುವಾರ ಒಳ್ಳೆಯದು. ಮೂರನೆಯದೂ ಟೈಪು ಮಾಡಿದ್ದೇ: ನ್ಯುಮೋನಿಯಾದಿಂದ ತೀರಿಕೊಂಡರು, ಅಂತ್ಯಕ್ರಿಯೆ ನಾವೇ ಮಾಡಿದ್ದೇವೆ, ಒಂದು ಬಾಚಣಿಗೆ ಮತ್ತು ಒಂದು ಜೊತೆ ಚಪ್ಪಲಿ ಇವೆ, ಬೇಕಾದರೆ ಒಯ್ಯಿರಿ. ನಡುವಿನದು ಮಾತ್ರ ಕೈಬರಹ, ಅಲ್ಲಿಯ ದಾದಿಯೊಬ್ಬಳು ಬರೆದದ್ದು. ಮೊದಲ ಕಾಗದ ವಾಪಸ್ ಬಂದದ್ದು ನನಗೆ ಗೊತ್ತು, ಆದರೂ ಆ ಮನೆಯಲ್ಲಿ ಬೇರೆ ಯಾರಾದರೂ ಇರಬಹುದೆಂಬ ಆಸೆಯಿಂದ ಬರೆಯುತ್ತಿದ್ದೇನೆ ಅಂದಿದ್ದಾಳೆ. ಅವನು ಭಾನುವಾರ ಬಂದರೆ ಬೆಳಿಗ್ಗೆಯೇ ತಲೆ ಬಾಚಿಕೊಂಡು ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂರುತ್ತಿದ್ದನಂತೆ. ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದನಂತೆ, ನಮ್ಮಕ್ಕನ ಮಗು ನಡೆಯೋಕೆ ಕಲೀತಾ ಅಂತ.

ಆ ಮಗು ನೀನು. ಅವನು ಹೊರಟಾಗ ನಿನಗೆ ಒಂದು ವರ್ಷ. ಅವನು ಹಾಗೆ ಕೇಳುತ್ತಾ ಕೂತಿದ್ದಾಗ ನಿನಗೆ ಹದಿಮೂರು, ಓಟದ ಪಂದ್ಯದಲ್ಲಿ ಕಪ್ ಗೆದ್ದು ತಂದಿದ್ದೆ. ಆ ಆಸ್ಪತ್ರೆ ನಮ್ಮ ಮನೆಯಿಂದ ರೈಲಿನಲ್ಲಿ ಎರಡು ಗಂಟೆಯ ದಾರಿ. ಪ್ರತಿ ಬೇಸಿಗೆ ರಜೆಯಲ್ಲೂ ಆ ಸ್ಟೇಷನ್ ದಾಟಿಯೇ ನಾವು ಅತ್ತೆಯ ಮನೆಗೆ ಹೋಗುತ್ತಿದ್ದೆವು. ಕಿಟಕಿಯ ಪಕ್ಕದ ಜಾಗಕ್ಕೆ ಜಗಳ ಆಡುತ್ತಿದ್ದೆವು.

ನೀಲಿ ಹಾಳೆಯಲ್ಲಿ ಇದ್ಯಾವುದೂ ಇಲ್ಲ. ಗುಂಡು ತಗುಲಿದ ಕ್ಷಣವೇ ಹೋದ, ನೋವೂ ಗೊತ್ತಾಗಲಿಲ್ಲ, ಜೊತೆಯವರು ಪಕ್ಕದಲ್ಲೇ ಇದ್ದರು ಅಂತ ಬರೆದಿದ್ದೇನೆ. ಅಮ್ಮ ಎರಡನೇ ಸಲ ಓದಿಸುತ್ತಾಳೆ. ಮೂರನೇ ಸಲವೂ ಓದಿಸಬಹುದು. ಅಳು ಬಂದರೆ ನೆಗಡಿ ಅನ್ನು. ಕಲ್ಲಿನ ಮೇಲೆ ಮಾತ್ರ ನಿಜವಾದ ತಾರೀಖೇ ಇರುತ್ತದೆ, ಗಾಯಗೊಂಡು ಬಂದು ಆಮೇಲೆ ತೀರಿಕೊಂಡವರಿಗೂ ಗೋಡೆಯಲ್ಲಿ ಜಾಗವಿದೆಯಂತೆ. ಅಮ್ಮನಿಗೆ ಮೊದಲೇ ಓದು ಬಾರದು, ಅವಳು ಹೆಸರನ್ನು ಸವರಿ ನೋಡುತ್ತಾಳೆ ಅಷ್ಟೆ. ಪಕ್ಕದಲ್ಲಿ ನಿಂತು ಯಾರೂ ತಾರೀಖು ಓದದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ.

ಲಕೋಟೆಗಳ ವಿಷಯವನ್ನಂತೂ ಅವಳ ಕಿವಿಗೆ ಹಾಕಲೇಬೇಡ. ಗೊತ್ತಾದರೆ ಸತ್ತ ಅಪ್ಪನನ್ನು ಈ ವಯಸ್ಸಿನಲ್ಲಿ ದ್ವೇಷಿಸಲು ಶುರುಮಾಡುತ್ತಾಳೆ. ಅಪ್ಪ ಕೆಟ್ಟವರಲ್ಲ, ಒಂದು ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಅಷ್ಟೇ. ನೀನೂ ಅವರ ಮೇಲೆ ಸಿಟ್ಟಾಗಬೇಡ.

ಮಂಡಿನೋವಿಗೆ ಬಿಸಿನೀರಿನ ಶಾಖ ಬಿಡಬೇಡ. ಅಮ್ಮನ ಕೈ ಹಿಡಿದುಕೊಂಡು ಓದು.

ಇಂತಿ,
ನಿನ್ನ ತಂಗಿ

ಮರೆತಿದ್ದೆ: ಮರೆತಿರಲಿಲ್ಲ ಅಕ್ಕ, ಬರೆಯುವ ಧೈರ್ಯ ಇರಲಿಲ್ಲ. ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಆ ಮೂರು ಲಕೋಟೆಯ ಮೇಲಿನ ಬರಹ ಅಪ್ಪನದಲ್ಲ. ಅಪ್ಪ ಆ ಹೊತ್ತಿನಲ್ಲಿ ಕೆಲಸದಲ್ಲಿರುತ್ತಿದ್ದರು, ನೀನು ಶಾಲೆಯಲ್ಲಿ, ನನ್ನ ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಬಾಗಿಲಿಗೆ ಬಂದ ಕಾಗದವನ್ನು ಅಮ್ಮ ತಂದು ನನ್ನ ಕೈಗೆ ಕೊಡುತ್ತಿದ್ದಳು. ತಾತಂದು ಬಂದಿದೆ, ಬೇಗ ಬರೆದುಕೊಡೇ, ಪೋಸ್ಟಿನವನು ನಿಂತಿದ್ದಾನೆ ಅಂತ. ಮೊದಲನೆಯದು ಬಂದಾಗ ನನಗೆ ಒಂಬತ್ತು ವರ್ಷ. ಬರೆದು, ಕೆಳಗೆ ಅಲೆ ಅಲೆಯಾಗಿ ಒಂದು ಗೆರೆ ಎಳೆದು, ಗೆರೆಯ ಕೊನೆಗೆ ಒಂದು ಪುಟ್ಟ ಹೂವು ಬರೆಯುತ್ತಿದ್ದೆ. ಮೂರರಲ್ಲೂ ಆ ಹೂವಿದೆ. ಒಂದು ಸಲ ಅಮ್ಮ ಅದನ್ನು ಪಕ್ಕದ ಮನೆಯವಳಿಗೂ ತೋರಿಸಿದ್ದಳು, ನನ್ನ ಮಗಳ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿಲ್ವಾ ಅಂತ. ನನಗೆ ಆ ಹೆಸರು ಬಂದದ್ದು ಅವತ್ತೇ. ಅದಕ್ಕೇ ಅವಳಿಗೆ ಹೇಳಬೇಡ ಅಂದದ್ದು. ಲಕೋಟೆ ಅಂದ ಕೂಡಲೇ ಅವಳಿಗೆ ಎಲ್ಲ ನೆನಪಾಗುತ್ತದೆ.

ಮುಂದಿನ ವಾರದ ಶುಕ್ರವಾರದೊಳಗೆ ಮಾವನ ಹೆಸರನ್ನು ಕಲ್ಲಿನ ಕೆಲಸದವನಿಗೆ ಕೊಡಬೇಕು. ಉಳಿದ ಇನ್ನೂರ ಹನ್ನೊಂದು ಹೆಸರು ಬರೆದಾಯಿತು, ಇದೊಂದಕ್ಕೆ ಕೈ ಏಳುತ್ತಿಲ್ಲ. ನೀನೇ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಕಳಿಸು. ನಿನ್ನದು ಕಾಗೆಕಾಲು ಗುಬ್ಬಿಕಾಲು ಅಂತ ಜೀವಮಾನವೆಲ್ಲ ಆಡಿಕೊಂಡೆ. ಅದೇ ಇರಲಿ, ನಾನು ತಿದ್ದುವುದಿಲ್ಲ.